ಬಾಗಿಲು ದಾಟಿದರೆ ವಾಸಿಯಾಗುವ ಹಸು

ನಾನು ಮೊಬೈಲ್ ಆ್ಯಪ್ ಬರೆಯುವವಳು. ಬಂಗಾರಪೇಟೆಯ ಸ್ಟೇಷನ್ ರಸ್ತೆಯಲ್ಲಿ ಒಂದು ಪಾತ್ರೆ ಅಂಗಡಿಯ ಮಹಡಿಯ ಮೇಲೆ ನಮ್ಮ ಆಫೀಸು. ಆಫೀಸು ಅಂದರೆ ದೊಡ್ಡದೇನಲ್ಲ. ಬೆರಳೆಣಿಕೆಯ ಜನ, ಒಂದು ಉದ್ದನೆಯ ಮೇಜು, ಅಷ್ಟೇ. ಕೆಳಗೆ ಯಾರಾದರೂ ಬಿಂದಿಗೆ ತಟ್ಟಿ ನೋಡಿ ಕೊಳ್ಳುತ್ತಿದ್ದರೆ ಮೇಲೆ ನಾವು ಫೋನಿನಲ್ಲಿ ಮಾತಾಡುವುದನ್ನು ನಿಲ್ಲಿಸಬೇಕು. ಗಂಡನ ಊರು ಬೇತಮಂಗಲದ ಕಡೆಗೆ ಹೋಗುವ ಬಸ್ಸಿನ ದಾರಿಯಲ್ಲಿದೆ. ವಾರದಲ್ಲಿ ಕೆಲವು ದಿನ ಬಸ್ಸು ಹತ್ತಿ ಬರುತ್ತೇನೆ, ಉಳಿದ ದಿನ ಮನೆಯಲ್ಲೇ ಕೊಟ್ಟಿಗೆಗೆ ಅಂಟಿಕೊಂಡ ಕೋಣೆಯಲ್ಲಿ ಕೂತು ಕೆಲಸ ಮಾಡುತ್ತೇನೆ. ಮೀಟಿಂಗಿನ ಮಧ್ಯೆ ಹಸು ಕೂಗಿದರೆ ಈಗ ಯಾರೂ ನಗುವುದಿಲ್ಲ. ಮೊದಮೊದಲು ನಗುತ್ತಿದ್ದರು, ನನಗೆ ಮೈಯೆಲ್ಲ ಉರಿಯುತ್ತಿತ್ತು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು.

ಮನೆಯಲ್ಲಿ ಕಟ್ಟಿರುವುದು ಎರಡು ಸೀಮೆಹಸು. ಹಾಲು ಕರೆಯುವವರು ಅತ್ತೆ ಮತ್ತು ಓರಗಿತ್ತಿ. ನನಗೆ ಆ ಕೆಲಸ ಬರುವುದಿಲ್ಲ. ಕಲಿಸಲು ನೋಡಿದರು, ಹಸು ನನ್ನ ಕೈ ತಾಕಿದರೆ ಸಾಕು ಹಾಲನ್ನು ಮೇಲಕ್ಕೆ ಎಳೆದುಕೊಳ್ಳುತ್ತಿತ್ತು, ಕೊನೆಗೆ ಅವರೇ ಕೈಬಿಟ್ಟರು. ಅತ್ತೆ ಊರಿನ ಹೆಂಗಸರ ಡೈರಿಗೆ ಅಧ್ಯಕ್ಷೆ. ಓದಿದ್ದು ಕಡಿಮೆ, ಆದರೆ ಸಭೆಯಲ್ಲಿ ಎದ್ದು ನಿಂತರೆ ಎದುರಿಗಿದ್ದವರು ಸೆರಗು ಸರಿಮಾಡಿಕೊಂಡು ಕೂರುತ್ತಾರೆ.

ನನಗೆ ಆ ಡೈರಿಯ ಕೆಲಸ ಸಿಕ್ಕಿದ್ದು ಒಂದು ಅವಮಾನದಿಂದ. ಒಂದು ಸಲ ಊರಿನ ಹಾಲು ಪೂರ್ತಿ ಒಕ್ಕೂಟದಿಂದ ವಾಪಸ್ ಬಂದಿತ್ತು. ಹಸುವಿಗೆ ಕೆಚ್ಚಲು ಬಾವು ಬಂದರೆ ಡಾಕ್ಟರು ಸೂಜಿ ಹಾಕುತ್ತಾರೆ. ಆ ಮದ್ದು ಹಾಲಿನಲ್ಲೂ ಇಳಿಯುತ್ತದೆ, ಹಾಗಾಗಿ ಅವರು ಹೇಳಿದಷ್ಟು ದಿನ ಆ ಹಸುವಿನ ಹಾಲನ್ನು ಡೈರಿಗೆ ಹಾಕಬಾರದು. ಹಾಕಿದರೆ ಎಲ್ಲರ ಹಾಲಿನ ಜೊತೆ ಸೇರಿ ಎಲ್ಲವೂ ಕೆಡುತ್ತದೆ, ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಹಾಗೇ ಸಿಕ್ಕಿಬಿತ್ತು. ಯಾರ ಮನೆಯದು ಅಂತ ಕೇಳಿದರೆ ಯಾರೂ ಬಾಯಿ ಬಿಡಲಿಲ್ಲ. ಆವತ್ತಿನಿಂದ ಡೈರಿಯ ಸಾಲಿನಲ್ಲಿ ಹೆಂಗಸರು ಒಬ್ಬರ ಕ್ಯಾನನ್ನು ಇನ್ನೊಬ್ಬರು ಅನುಮಾನದಿಂದ ನೋಡುತ್ತ ನಿಲ್ಲುವಂತಾಯಿತು. ಅತ್ತೆಗೆ ಇದು ಹಾಲು ಚೆಲ್ಲಿದ್ದಕ್ಕಿಂತ ಹೆಚ್ಚು ನೋವು ಕೊಟ್ಟಿತು. ಮುಂದಿನ ಸಭೆಯಲ್ಲಿ ಎದ್ದು ನಿಂತು, ನನ್ನನ್ನು ಒಂದು ಮಾತೂ ಕೇಳದೆ, ನನ್ನ ಚಿಕ್ಕಸೊಸೆ ಇದಕ್ಕೊಂದು ಫೋನಿನ ದಾರಿ ಮಾಡಿಕೊಡುತ್ತಾಳೆ ಎಂದು ಘೋಷಿಸಿ ಬಂದರು.

ಮೇಲಿನ ಬೀದಿಯ ಒಬ್ಬಾಕೆ ಸಭೆಯಲ್ಲೇ ಕೇಳಿದರಂತೆ, ಸೊಸೆ ಮಾಡಿದ ಫೋನು ಅತ್ತೆಯ ಮನೆಯ ಹಾಲನ್ನು ಯಾವ ಕಾಲಕ್ಕೆ ಬೇಡ ಅಂದೀತು ಅಂತ. ಎಲ್ಲರೂ ನಕ್ಕರಂತೆ. ಅತ್ತೆ ಮನೆಗೆ ಬಂದು ಅದನ್ನು ನನಗೆ ಹೇಳಿದಾಗ ಅವರ ಮುಖ ಸಣ್ಣಗಾಗಿತ್ತು. ಊರವರ ಮುಂದೆ ಅವರ ಮಾತು ನಿಲ್ಲಬೇಕಾದರೆ ಆ ಫೋನು ನಿಯತ್ತಾಗಿರಬೇಕಿತ್ತು, ಆ ನಿಯತ್ತನ್ನು ಬರೆಯುವವಳು ನಾನು. ನನ್ನ ಆಫೀಸಿನ ಯಜಮಾನರು ಒಪ್ಪಿದರು, ಚಿಕ್ಕ ಕೆಲಸ, ಕಲಿತ ಹಾಗೂ ಆಗುತ್ತದೆ ಮಾಡು ಅಂದರು.

ಚಿಕ್ಕ ಕೆಲಸವೇ. ಡೈರಿಯಲ್ಲಿ ಒಂದೇ ಟ್ಯಾಬ್, ಅದು ಸೆಕ್ರೆಟರಿಯ ಕೈಯಲ್ಲಿ. ಸೆಕ್ರೆಟರಿಯೂ ಊರಿನ ಹೆಂಗಸೇ, ಚುರುಕು ಬೆರಳು. ಒಂದು ಪರದೆಯಲ್ಲಿ ಮನೆಮನೆಯ ಹಸುಗಳು, ಇನ್ನೊಂದರಲ್ಲಿ ಹಾಲು ಅಳೆಯುವುದು, ಮತ್ತೊಂದರಲ್ಲಿ ದಿನದ ಒಟ್ಟು ಲೆಕ್ಕ. ಯಾರಾದರೂ ಬಂದು ನಮ್ಮ ಹಸುವಿಗೆ ಸೂಜಿ ಹಾಕಿಸಿದ್ದೇವೆ ಅಂದರೆ ಸೆಕ್ರೆಟರಿ ಹಸುವಿನ ಪರದೆಯಲ್ಲಿ ಗುರುತು ಹಾಕಬೇಕು. ಆ ಮನೆಯವರು ಕ್ಯಾನ್ ಹಿಡಿದು ಬಂದಾಗ ಅಳೆಯುವ ಪರದೆಗೆ ಅದು ಗೊತ್ತಿರಬೇಕು. ಈ ಕ್ಷಣದಲ್ಲಿ ಯಾವುದು ಹೇಗಿದೆ ಎಂಬ ಸಂಗತಿಗೆ ನಮ್ಮ ಕಸುಬಿನಲ್ಲಿ ಸ್ಟೇಟ್ ಎನ್ನುತ್ತಾರೆ. ಹಸು ಮದ್ದಿನಲ್ಲಿದೆಯೋ ಇಲ್ಲವೋ ಎಂಬುದು ಒಂದು ಸ್ಟೇಟ್. ಅದನ್ನು ಎಲ್ಲಿ ಇಡುವುದು, ಬೇಕಾದವರಿಗೆ ಹೇಗೆ ಮುಟ್ಟಿಸುವುದು ಎಂಬುದರಲ್ಲೇ ಅರ್ಧ ಆಯಸ್ಸು ಕಳೆಯುತ್ತದೆ.

ಮೊದಲು ನಾನು ಮಾಡಿದ್ದು ಆ ಸುದ್ದಿಯನ್ನು ಕೈಯಿಂದ ಕೈಗೆ ದಾಟಿಸುವ ಕೆಲಸ. ಮೇಲಿನ ಪರದೆ ತನ್ನ ಒಳಗಿನ ತುಂಡಿಗೆ ಕೊಡುತ್ತದೆ, ಆ ತುಂಡು ಅದರೊಳಗಿನ ತುಂಡಿಗೆ, ಹೀಗೆ ಕೊನೆಯ ಗುಂಡಿಯವರೆಗೆ. ನಡುವಿನ ಯಾವುದಕ್ಕೂ ಹಸುವಿನ ಸುದ್ದಿ ಬೇಡ. ಆದರೂ ಹೊತ್ತು ನಿಲ್ಲಬೇಕು. ಒಂದು ಕಡೆ ಏನಾದರೂ ಬದಲಾಯಿಸಿದರೆ ಉದ್ದಕ್ಕೂ ಬದಲಾಯಿಸುತ್ತ ಬರಬೇಕು.

ಅದನ್ನು ಬರೆಯುವಾಗ ನನಗೆ ನೆನಪಾಗುತ್ತಿದ್ದದ್ದು ನಾನು ಹುಟ್ಟಿ ಬೆಳೆದ ನಂದಿದುರ್ಗದ ಲೈನು, ಚಿನ್ನದ ಗಣಿಯ ಕೆಲಸಗಾರರ ಮನೆಸಾಲು. ಅಲ್ಲಿ ಮನೆಗಳಿಗೆ ಗೋಡೆ ಒಂದೇ, ಈ ಕಡೆಯವರು ಮೊಳೆ ಹೊಡೆದರೆ ಆ ಕಡೆ ಸುಣ್ಣ ಉದುರುತ್ತದೆ. ನನ್ನ ಅಮ್ಮನಿಗೆ ಒಗ್ಗರಣೆಯ ಹೊತ್ತಿಗೆ ಕರಿಬೇವು ಬೇಕಾದರೆ ಎದ್ದು ಹೋಗುತ್ತಿರಲಿಲ್ಲ. ಗೋಡೆಗೆ ಮುಖ ಮಾಡಿ ಕೂಗುತ್ತಿದ್ದಳು. ಗಿಡ ಇದ್ದದ್ದು ಸಾಲಿನ ಕೊನೆಯ ಮನೆಯಲ್ಲಿ. ಪಕ್ಕದವರು ತಮಿಳಿನಲ್ಲಿ ಕರಿವೇಪ್ಪಿಲೆ ಎಂದು ಮುಂದಕ್ಕೆ ಕೂಗಿದರೆ, ಅವರಾಚೆಯವರು ತೆಲುಗಿನಲ್ಲಿ ಕರಿವೇಪಾಕು ಎಂದು ದಾಟಿಸುವರು. ನಡುವಿನ ಯಾರಿಗೂ ಕರಿಬೇವು ಬೇಕಿರಲಿಲ್ಲ, ಆದರೆ ನಮ್ಮ ಮನೆಯಲ್ಲಿ ಇವತ್ತು ಏನು ಸಾರು ಎಂದು ಎಲ್ಲರಿಗೂ ಗೊತ್ತಾಗುತ್ತಿತ್ತು. ನಡುವಿನ ಒಂದು ಮನೆಗೆ ಬೀಗ ಬಿದ್ದಿದ್ದರೆ ಆವತ್ತು ಕರಿಬೇವಿಲ್ಲದ ಒಗ್ಗರಣೆ. ಸೊಪ್ಪು ಬಂದಾಗ ಅದು ಕೂಡ ಅದೇ ದಾರಿಯಲ್ಲಿ ಕೈ ಬದಲಾಗುತ್ತ ಬರುತ್ತಿತ್ತು, ಪ್ರತಿ ಮನೆಯಲ್ಲೂ ಒಂದೊಂದು ಎಸಳು ಕಡಿಮೆಯಾಗುತ್ತಿತ್ತು. ಆ ಲೈನಿನಲ್ಲಿ ನಾನು ಸುಖವಾಗಿದ್ದೆ. ಆದರೆ ಆ್ಯಪನ್ನು ಹಾಗೆ ಬರೆಯಲಾಗದು.

ಆಫೀಸಿನ ಯಜಮಾನರು ನನ್ನ ಹಿಂದೆ ನಿಂತು ನೋಡಿ, ಇದನ್ನೆಲ್ಲ ಕಿತ್ತುಹಾಕು, ಪ್ರೊವೈಡರ್ ಬಳಸು ಅಂದರು. ಬರೆದದ್ದನ್ನು ಕಿತ್ತುಹಾಕು ಅಂದರೆ ನನಗೆ ಕೋಪ ಬರುತ್ತದೆ. ಆವತ್ತು ಊಟದ ಡಬ್ಬಿಯನ್ನು ಸ್ವಲ್ಪ ಜೋರಾಗಿಯೇ ಮುಚ್ಚಿದೆ. ಅವರು ಗಮನಿಸದವರ ಹಾಗೆ ಕೆಳಗೆ ಹೋಗಿ ಎಲ್ಲರಿಗೂ ಟೀ ಹೇಳಿ ಬಂದರು. ಟೀ ಕುಡಿಯುತ್ತ ಓದಲು ಶುರುಮಾಡಿದವಳು ಸಂಜೆಯ ಬಸ್ಸು ತಪ್ಪಿಸಿಕೊಂಡೆ, ಅಷ್ಟು ಹಿಡಿಸಿತು.

ಪ್ರೊವೈಡರಿನ ವಿಷಯ ಸರಳ. ಸಂಗತಿಯನ್ನು ಒಂದೇ ಜಾಗದಲ್ಲಿ ಇಡು. ಅದನ್ನು ಎಲ್ಲ ಪರದೆಗಳಿಗೂ ಮೇಲೆ ಕೂರಿಸು. ಯಾರಿಗೆ ಬೇಕೋ ಅವರು ನೇರವಾಗಿ ಅಲ್ಲಿಂದಲೇ ಕೇಳಿ ತಿಳಿಯಲಿ, ಬೇಡದವರು ತಮ್ಮ ಪಾಡಿಗೆ ಇರಲಿ. ಸಂಗತಿ ಬದಲಾದಾಗ, ಕೇಳುತ್ತಿರುವವರಿಗೆಲ್ಲ ತಿಳಿಸು ಎಂದು ಒಂದು ಸಾಲು ಬರೆಯಬೇಕು. ಆ ಸಾಲು ಮರೆತರೆ ಒಳಗೆ ಎಲ್ಲ ಬದಲಾಗಿರುತ್ತದೆ, ಹೊರಗೆ ಯಾರಿಗೂ ಗೊತ್ತಿರುವುದಿಲ್ಲ. ಇನ್ನೂ ಒಂದು ಎಚ್ಚರ ಬೇಕು. ಎಲ್ಲರನ್ನೂ ಕೇಳುತ್ತ ಕೂರಿಸಬಾರದು. ನಮ್ಮ ಮಾವ ಗೇಟಿನ ಸದ್ದಾದಾಗಲೆಲ್ಲ ಎದ್ದು ಬಂದು ಯಾರು, ಏನು ಎಂದು ವಿಚಾರಿಸಿ ಮತ್ತೆ ಹೋಗಿ ಕೂರುತ್ತಾರೆ. ಪರದೆಯ ಪ್ರತಿ ತುಂಡೂ ಹಾಗೆ ಸಣ್ಣದಕ್ಕೆಲ್ಲ ಎದ್ದು ಕೂತು ಮಾಡಿದರೆ ಟ್ಯಾಬ್ ಏದುಸಿರು ಬಿಡುತ್ತದೆ. ಹಾಲಿನ ತೂಕ ಬದಲಾದರೆ ತೂಕ ತೋರಿಸುವ ಜಾಗ ಮಾತ್ರ ಬದಲಾಗಲಿ, ಉಳಿದವು ಕೂತಲ್ಲೇ ಕೂತಿರಲಿ.

ಹೊಸದಾಗಿ ಬರೆದದ್ದು ಹಳೆಯದರ ಅರ್ಧದಷ್ಟೂ ಇರಲಿಲ್ಲ. ನಡುವಿನ ತುಂಡುಗಳ ಮೇಲಿನ ಹೊರೆಯೆಲ್ಲ ಇಳಿದಿತ್ತು. ಅಂಥ ದಿನಗಳಲ್ಲಿ ನನಗೆ ಸಿಗುವ ಖುಷಿ, ಮನೆಯನ್ನು ಗುಡಿಸಿ ಸಾರಿಸಿದ ಮೇಲೆ ಬಾಗಿಲಲ್ಲಿ ನಿಂತು ನೋಡುತ್ತಾರಲ್ಲ, ಆ ಬಗೆಯದು. ಅತ್ತೆಗೆ ತೋರಿಸೋಣ ಎಂದು ಟ್ಯಾಬ್ ಮನೆಗೆ ತಂದೆ.

ಅತ್ತೆ ಕನ್ನಡಕ ಹಾಕಿಕೊಂಡು ಕೊಟ್ಟಿಗೆಯ ಕಟ್ಟೆಯ ಮೇಲೆ ಕೂತರು. ಹಸುವಿನ ಪರದೆಯಲ್ಲಿ ನಮ್ಮ ಬಿಳಿಹಸುವಿಗೆ ಮದ್ದಿನ ಗುರುತು ಹಾಕಿಸಿದೆ. ಕೆಂಪಗೆ ಬಂತು, ತಲೆಯಾಡಿಸಿದರು. ಈಗ ಅಳೆಯುವ ಪರದೆಗೆ ಹೋಗಿ ನಮ್ಮ ಮನೆಯ ನಂಬರು ಒತ್ತಿ ಅಂದೆ. ಒತ್ತಿದರು. ಹಾಲು ಹಾಕಬಹುದು ಎಂದು ಹಸಿರಾಗಿ ಬಂತು. ವಾಪಸ್ ಹಸುವಿನ ಪರದೆಗೆ ಹೋದರೆ ಅಲ್ಲೂ ಕೆಂಪಿಲ್ಲ. ಅತ್ತೆ ಮತ್ತೆ ಗುರುತು ಹಾಕಿದರು, ಮತ್ತೆ ಆಚೆ ಬಂದರು, ಮತ್ತೆ ಹಸಿರು. ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ನಿನ್ ಫೋನಾಗೆ ಬಾಗ್ಲು ದಾಟಿದ್ರೆ ಅಸ ವಾಸಿಯಾಗೋಯ್ತದೆ ಕಣಮ್ಮಾ. ಇನ್ ಡಾಕ್ಟ್ರು ಯಾಕೆ ಬೇಕು ನಮ್ಗೆ."

ಓರಗಿತ್ತಿ ಹುಲ್ಲಿನ ಹೊರೆ ಕೆಳಗಿಟ್ಟು ನಕ್ಕಳು. ಮಾವನೂ ಎದ್ದು ಬಂದು ಏನು ಏನು ಎಂದು ಕೇಳಿ ನಕ್ಕರು. ನನಗೆ ಕಣ್ಣಲ್ಲಿ ನೀರು ಬರುವಷ್ಟು ಸಿಟ್ಟು ಬಂತು, ಟ್ಯಾಬ್ ಕಸಿದುಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಒಳಗೆ ಕೂತು ನೋಡಿದರೆ ಅತ್ತೆ ಹೇಳಿದ್ದರಲ್ಲೇ ಉತ್ತರವಿತ್ತು. ಪ್ರೊವೈಡರನ್ನು ನಾನು ಎಲ್ಲದಕ್ಕೂ ಮೇಲೆ ಕೂರಿಸಿರಲಿಲ್ಲ, ಪ್ರತಿ ಪರದೆಯ ಒಳಗೆ ಒಂದೊಂದು ಹುಟ್ಟುಹಾಕಿದ್ದೆ. ಹಸುವಿನ ಪರದೆಗೆ ಅದರದೇ ಒಂದು, ಅಳೆಯುವ ಪರದೆಗೆ ಅದರದೇ ಒಂದು. ಪರದೆ ಮುಚ್ಚಿದರೆ ಅದರ ಜೊತೆ ಅದರ ಸಂಗತಿಯೂ ಮಣ್ಣು. ಎರಡು ಮನೆಗೆ ಎರಡು ಒಲೆ ಹೂಡಿ, ಒಂದರಲ್ಲಿ ಬೆಂದದ್ದು ಇನ್ನೊಂದರಲ್ಲಿ ಯಾಕಿಲ್ಲ ಎಂದು ಕೇಳಿದ ಹಾಗಾಗಿತ್ತು. ಒಂದೇ ಪ್ರೊವೈಡರನ್ನು ಎತ್ತಿ ಆ್ಯಪಿನ ನೆತ್ತಿಯ ಮೇಲೆ ಇಟ್ಟೆ, ಉಳಿದವನ್ನು ಅಳಿಸಿದೆ. ಟ್ಯಾಬ್ ಆರಿಸಿದರೂ ಗುರುತು ಉಳಿಯುವಂತೆ ಮಾಡಿದೆ. ಆಚೆ ಬಂದು ಅತ್ತೆಯ ಕೈಗೆ ಕೊಟ್ಟೆ. ಈ ಸಲ ಎಲ್ಲಿ ಹೋದರೂ ಹಸು ಕೆಂಪಗೇ ಇತ್ತು. ಅತ್ತೆ ಒಳಗೆ ಹೋಗಿ ನನಗೊಂದು ಲೋಟ ಕಾಫಿ ತಂದು ಇಟ್ಟರು. ಹೊಗಳುವ ಅಭ್ಯಾಸ ಅವರಿಗಿಲ್ಲ, ಕಾಫಿ ಗಟ್ಟಿಯಾಗಿತ್ತು.

ಡೈರಿಯಲ್ಲಿ ಆ್ಯಪ್ ಶುರುವಾದ ವಾರವೇ ನಮ್ಮ ಬಿಳಿಹಸುವಿಗೆ ನಿಜವಾಗಿ ಕೆಚ್ಚಲು ಬಾವು ಬಂತು. ಡಾಕ್ಟರು ಮಧ್ಯಾಹ್ನ ಬಂದು ಸೂಜಿ ಹಾಕಿದರು. ಅತ್ತೆ ಕೈ ತೊಳೆದುಕೊಂಡು ನೇರ ಡೈರಿಗೆ ಹೋಗಿ ಸೆಕ್ರೆಟರಿಗೆ ಹೇಳಿ ಗುರುತು ಹಾಕಿಸಿ ಬಂದರು. ಮನೆಯಲ್ಲೂ ನಮ್ಮಲ್ಲಿ ಮೊದಲಿಂದ ಇರುವ ಪದ್ಧತಿಯಂತೆ ಹಸುವಿನ ಕೊರಳ ಹಗ್ಗಕ್ಕೆ ಕೆಂಪು ಬಟ್ಟೆಯ ಚೂರು ಕಟ್ಟಿದರು. ಬಟ್ಟೆ ಕಟ್ಟಿದ ಹಸುವಿನ ಹಾಲು ಕ್ಯಾನಿಗೆ ಹೋಗಬಾರದು, ಬೇರೆ ಚೊಂಬಿಗೆ ಕರೆದು ಗುಂಡಿಗೆ ಚೆಲ್ಲಬೇಕು. ಇದು ಮನೆಯ ಎಲ್ಲರಿಗೂ ಗೊತ್ತು. ಬಟ್ಟೆ ಹಗ್ಗದಲ್ಲಿ ಇರುವಷ್ಟು ಹೊತ್ತು ಅದು ಸರಿಯಾದ ಏರ್ಪಾಡೇ.

ಓರಗಿತ್ತಿ ಆವತ್ತು ಊರಲ್ಲಿರಲಿಲ್ಲ. ತವರಿಗೆ ಹೋಗಿದ್ದವಳು ಬರುವಾಗ ಎಲ್ಲರೂ ಮಲಗುವ ಹೊತ್ತಾಗಿತ್ತು, ಹಸುವಿನ ಮಾತು ಯಾರಿಗೂ ನೆನಪಾಗಲಿಲ್ಲ. ಬೆಳಿಗ್ಗೆ ಅವಳು ಎಲ್ಲರಿಗಿಂತ ಮುಂಚೆ ಎದ್ದಿದ್ದಾಳೆ. ಕೆಲವು ದಿನ ಕೆಲಸ ತಪ್ಪಿಸಿಕೊಂಡೆನಲ್ಲ ಎಂದು ಅತ್ತೆಯನ್ನು ಎಬ್ಬಿಸದೆ ತಾನೇ ಎರಡೂ ಹಸುಗಳ ಹಾಲು ಕರೆದಿದ್ದಾಳೆ. ಕೊರಳಲ್ಲಿ ಬಟ್ಟೆ ಇರಲಿಲ್ಲ. ಪಕ್ಕದಲ್ಲಿ ಕಟ್ಟಿದ್ದ ಕರು ಅದನ್ನು ಎಳೆದು ಅಗಿದು ಹುಲ್ಲಿನ ಮೇಲೆ ಉಗುಳಿದ್ದು ಆಮೇಲೆ ಸಿಕ್ಕಿತು.

ಶುರುವಿನ ವಾರವಾದ್ದರಿಂದ ನಾನು ದಿನಾ ಬೆಳಿಗ್ಗೆ ಡೈರಿಯಲ್ಲಿ ಹೋಗಿ ನಿಲ್ಲುತ್ತಿದ್ದೆ. ಅತ್ತೆಯೂ ಎದ್ದವರು ಅಧ್ಯಕ್ಷೆಯ ಗತ್ತಿನಲ್ಲಿ ಅಲ್ಲಿಗೇ ನೇರ ಬಂದಿದ್ದರು, ಓರಗಿತ್ತಿ ಕರೆಯುತ್ತಿದ್ದಾಳೆ, ಬಟ್ಟೆ ಕಟ್ಟಿದೆಯಲ್ಲ ಎಂದು ಕೊಟ್ಟಿಗೆಗೆ ಹೋಗಿರಲಿಲ್ಲ. ಸಾಲು ಉದ್ದವಿತ್ತು. ಓರಗಿತ್ತಿ ಕ್ಯಾನು ಹಿಡಿದು ಬಂದಳು. ಅವಳ ಹಿಂದೆಯೇ ನಿಂತಿದ್ದವರು ಸಭೆಯಲ್ಲಿ ಆ ಪ್ರಶ್ನೆ ಕೇಳಿದ್ದ ಮೇಲಿನ ಬೀದಿಯ ಹೆಂಗಸು. ಸೆಕ್ರೆಟರಿ ನಮ್ಮ ಮನೆಯ ನಂಬರು ಒತ್ತಿದಳು.

ಪರದೆ ಕೆಂಪಾಯಿತು. ಮದ್ದಿನಲ್ಲಿರುವ ಹಸು ಇದೆ, ಕೇಳಿ ಅಳೆಯಿರಿ ಎಂದು ನಾನೇ ಬರೆದಿದ್ದ ಸಾಲು ದೊಡ್ಡ ಅಕ್ಷರದಲ್ಲಿ ಬಂತು. ಸೆಕ್ರೆಟರಿ ಯಾವ ಹಸುವಿನ ಹಾಲು ಎಂದು ಕೇಳಿದಳು. ಎರಡೂ ಒಂದೇ ಕ್ಯಾನಿಗೆ ಕರೆದಿದ್ದೇನೆ, ಬಟ್ಟೆ ಕಟ್ಟಿರಲಿಲ್ಲ, ನನಗೆ ಯಾರೂ ಹೇಳಲಿಲ್ಲ ಎಂದು ಓರಗಿತ್ತಿ ಅತ್ತೆಯ ಕಡೆ ತಿರುಗಿದಳು.

ಸೆಕ್ರೆಟರಿ ಕೆಟ್ಟವಳಲ್ಲ. ಅಧ್ಯಕ್ಷೆಯ ಮಾನ ಉಳಿಸಬೇಕು ಅನ್ನಿಸಿರಬೇಕು. ಹಸು ವಾಸಿಯಾದ ಮೇಲೆ ಗುರುತು ತೆಗೆಯಲೆಂದು ನಾನು ಕೊಟ್ಟಿದ್ದ ಗುಂಡಿಯ ಮೇಲೆ ಅವಳ ಬೆರಳು ನಿಂತಿತ್ತು. ಅತ್ತೆಯನ್ನು ನೋಡಿ ಮೆಲ್ಲಗೆ ಕೇಳಿದಳು.

"ತೆಗ್ದಾಕ್ಲಾ ಅತ್ತೆಮ್ಮಾ?"

ತೆಗೆಯಲಿ ಎಂದು ನನಗೂ ಒಂದು ಗಳಿಗೆ ಅನ್ನಿಸಿತು. ಅಷ್ಟು ಜನರ ಮುಂದೆ ಅತ್ತೆ ತಲೆ ತಗ್ಗಿಸುವುದನ್ನು ನೋಡುವುದು ನನಗೆ ಬೇಕಿರಲಿಲ್ಲ. ಅತ್ತೆ ತಲೆ ತಗ್ಗಿಸಲಿಲ್ಲ. ಬಂದು ಓರಗಿತ್ತಿಯ ಕೈಯಿಂದ ಕ್ಯಾನು ತೆಗೆದುಕೊಂಡರು.

"ತೆಗೀಬ್ಯಾಡ. ನಮ್ಮನೆ ಆಲು ಇವತ್ತಿಲ್ಲ. ಮುಂದ್ಲೋರ್ನ ಕರಿ."

ಅಷ್ಟು ಹೇಳಿ ಕ್ಯಾನು ಎತ್ತಿಕೊಂಡು ಹಿಂಬದಿಯ ಚರಂಡಿಯ ಕಡೆ ನಡೆದರು. ಹಾಲು ಬೀಳುವ ಸದ್ದು ಒಳಗೆ ನಿಂತ ನಮಗೆಲ್ಲ ಕೇಳಿಸಿತು, ತುಂಬಿದ ಕ್ಯಾನು ಖಾಲಿಯಾಗಲು ಬಹಳ ಹೊತ್ತು ಬೇಕಾಯಿತು. ಓರಗಿತ್ತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನಾನು ಅವಳ ಭುಜ ಹಿಡಿದುಕೊಂಡೆ, ಬೇರೇನು ಮಾಡಬೇಕೋ ತಿಳಿಯಲಿಲ್ಲ.

ಮೇಲಿನ ಬೀದಿಯ ಹೆಂಗಸಿನ ಸರದಿ ಬಂತು. ಸೆಕ್ರೆಟರಿ ನಂಬರು ಒತ್ತಿದಳು, ಹಸಿರು ಬಂತು, ಹಾಲು ಸುರಿಯಲು ಕೈ ತೋರಿಸಿದಳು. ಆಕೆ ಸುರಿಯಲಿಲ್ಲ. ಕ್ಯಾನನ್ನು ಎತ್ತಿ ಹಿಡಿದವರು ಹಾಗೇ ನಿಂತರು. ಅತ್ತೆ ಖಾಲಿ ಕ್ಯಾನು ಹಿಡಿದು ಬಾಗಿಲಿಗೆ ಬಂದಾಗ ಆಕೆ ತಮ್ಮ ಕ್ಯಾನನ್ನು ನೆಲದ ಮೇಲಿಟ್ಟು, ಯಾರ ಮುಖವನ್ನೂ ನೋಡದೆ ಸೆಕ್ರೆಟರಿಗೆ ಹೇಳಿದರು.

"ನಮ್ ಕರಿ ಅಸುಕ್ಕೂ ಮೊನ್ನೆ ಸೂಜಿ ಆಕ್ಸಿದೀವಿ ಕಣಮ್ಮಾ. ಅದ್ಕೂ ಗುರ್ತು ಆಕ್ಬಿಡು."

ಸೆಕ್ರೆಟರಿ ಹಸುವಿನ ಪರದೆಗೆ ಹೋಗಿ ಗುರುತು ಹಾಕಿದಳು, ವಾಪಸ್ ಅಳೆಯುವ ಪರದೆಗೆ ಬಂದಳು. ಆ ಮನೆಯ ನಂಬರಿನ ಎದುರು ಈಗ ಕೆಂಪಿತ್ತು. ಆಕೆ ಕ್ಯಾನು ಎತ್ತಿಕೊಂಡು ಹೊರಗೆ ಹೊರಟರು. ಬಾಗಿಲಲ್ಲಿದ್ದ ಅತ್ತೆ ದಾರಿ ಬಿಡಲಿಲ್ಲ, ಕ್ಯಾನಿನ ಇನ್ನೊಂದು ಹಿಡಿಗೆ ಕೈ ಹಾಕಿದರು. ಇಬ್ಬರೂ ಹೊತ್ತುಕೊಂಡು ಚರಂಡಿಯ ಕಡೆ ಹೋದರು.